ಗಂಗಾಳದಲ್ಲಿ ಏನೂ ಬಿಡಬಾರದು

ನಮ್ಮ ಮನೆಯಲ್ಲಿ ಊಟದ ಗಂಗಾಳದಲ್ಲಿ ಒಂದಗುಳೂ ಬಿಡುವ ಹಾಗಿರಲಿಲ್ಲ. ಕೊರಳಲ್ಲಿ ಲಿಂಗವಿದ್ದ ಮನೆತನ, ಬಡಿಸಿದ್ದೆಲ್ಲ ಪ್ರಸಾದ. ಉಂಡ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಬೇಡದ್ದನ್ನು ಕೈ ಹಚ್ಚುವ ಮೊದಲೇ ತೆಗೆದಿಡಬೇಕು. ಒಂದು ತುತ್ತು ಬಾಯಿಗೆ ಹೋಯಿತೋ, ಉಳಿದದ್ದೆಲ್ಲ ನಿನ್ನದೇ. ಇಂಥ ಒಳ್ಳೆಯ ನೇಮವನ್ನು ನಾನು ನನ್ನ ಹೊಟ್ಟೆಬಾಕತನಕ್ಕೆ ವಕೀಲನನ್ನಾಗಿ ಇಟ್ಟುಕೊಂಡೆ.

ಎಂಬತ್ತರ ದಶಕದ ಕೊನೆಯ ಮಾತು. ಮಸ್ಕಿಯಲ್ಲಿ ನನ್ನದು ಬಟ್ಟೆ ಅಂಗಡಿ. ವಯಸ್ಸು ನಲವತ್ತು ದಾಟಿರಲಿಲ್ಲ. ಲಿಂಗಸುಗೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. "ಹೊತ್ತಿಗೆ ಎರಡು ಜ್ವಾಳದ ರೊಟ್ಟಿ, ಪಲ್ಯ, ಮಜ್ಜಿಗಿ. ಸಿಹಿ ಮುಟ್ಟಿದ್ರ ಕಾಲು ಕಳಕೊಂತೀರಿ ನೋಡ್ರಿ" ಎಂದು ಹೆದರಿಸಿದರು. ಒಂದು ವರ್ಷ ಹಾಗೇ ಉಂಡೆ. ಹೆಂಡತಿ ಎರಡೇ ರೊಟ್ಟಿ ಬಡಿಸಿ ಬುಟ್ಟಿ ಮುಚ್ಚುತ್ತಿದ್ದಳು, ನಾನು ಸುಮ್ಮನೆ ಏಳುತ್ತಿದ್ದೆ. ಮೈ ಹಗುರಾಗಿತ್ತು, ಬಾಯಿ ಒಣಗುವುದು ನಿಂತಿತ್ತು.

ಎಲ್ಲ ಕೆಟ್ಟದ್ದು ಅವಳ ತವರು ಮುಕ್ಕುಂದದಲ್ಲಿ, ಅವಳ ತಮ್ಮನ ಮದುವೆಯ ಮರುದಿನ. ಬೀಗರ ಪಂಕ್ತಿಯಲ್ಲಿ ಒತ್ತಾಯ ಮಾಡುವುದೆಂದರೆ ನಮ್ಮ ಕಡೆ ಕುಸ್ತಿಯೇ ಸರಿ. ಇಬ್ಬರು ಹಿಂದಿನಿಂದ ರಟ್ಟೆ ಹಿಡಿಯುತ್ತಾರೆ, ಒಬ್ಬ ಗದ್ದ ಅಮುಕಿ ತುಪ್ಪದಲ್ಲಿ ಅದ್ದಿದ ಹೋಳಿಗೆ ತುರುಕುತ್ತಾನೆ. ಆ ದಿನ ಮದುಮಗನಾದ ನನ್ನ ಮೈದುನನೇ ಗದ್ದ ಹಿಡಿದಿದ್ದ. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಕೂಗಿದಳು: "ಏ, ಬಿಡ್ರೋ! ಅವರಿಗೆ ಸಕ್ಕರಿ ಐತಿ!"

ನಗು ಗಪ್ಪನೆ ನಿಂತಿತು. ಮೈದುನ ನನ್ನ ಮುಖ ನೋಡಿ, "ಅಯ್ಯೋ, ಇಷ್ಟ ಲಗೂನ ಮುದುಕ ಆದ್ಯಾ ಮಾಮಾ?" ಅಂದ. ಇಡೀ ಪಂಕ್ತಿ ಮತ್ತೆ ನಕ್ಕಿತು. ನನಗೆ ರಕ್ತ ನೆತ್ತಿಗೇರಿತು. ಅವನ ಮೇಲಲ್ಲ, ಅವಳ ಮೇಲೆ. ರಟ್ಟೆ ಹಿಡಿದವರನ್ನು ಕೊಡವಿ, "ಹಾಕಲೇ, ಎಷ್ಟು ಹಾಕತಿ ಹಾಕು!" ಎಂದೆ. ಹನ್ನೊಂದು ಹೋಳಿಗೆ ತಿಂದೆ. ಊರಿಗೆ ಮರಳುವಾಗ ಸಿಂಧನೂರು ಬಸ್ ಸ್ಟ್ಯಾಂಡಿನ ಗೋಡೆ ಹಿಡಿದು ಕರುಳು ಹೊರಗೆ ಬರುವ ಹಾಗೆ ಕಾರಿಕೊಂಡೆ. ಹಿಂದೆ ನಿಂತು ನೀರಿನ ಚೊಂಬು ಚಾಚಿದವಳ ಕೈಗೆ ಹೊಡೆದೆ. ಚೊಂಬು ಉರುಳಿತು.

ಆಮೇಲೆ ಮೂರು ತಿಂಗಳು ನಾನು ಉಣ್ಣಲಿಲ್ಲ, ಅನ್ನದ ಮೇಲೆ ಬಿದ್ದೆ. ಅಂಗಡಿಗೆ ಮಿರ್ಚಿ ಭಜಿ, ಮಂಡಾಳ ಒಗ್ಗರಣಿ, ಜಿಲೇಬಿ. ಮನೆಯಲ್ಲಿ ಬುಟ್ಟಿ ಬರಿದಾಗುವವರೆಗೆ ರೊಟ್ಟಿ, ಅದರ ಮೇಲೆ ಅನ್ನ. ಅವಳು ಬೇಡವೆಂದರೆ ಗಡಿಗೆಯನ್ನೇ ಎಳೆದು ಗಂಗಾಳಕ್ಕೆ ಬಗ್ಗಿಸಿಕೊಂಡು, "ಪ್ರಸಾದ ಚೆಲ್ಲಬಾರದು" ಎಂದು ಅವಳಿಗೇ ನೇಮ ಹೇಳುತ್ತಿದ್ದೆ.

ಚಪ್ಪಲಿ ಕಚ್ಚಿದ ಸಣ್ಣ ಗಾಯ ಕೀವು ತುಂಬಿ ಕಾಲು ಬಾತಿತು. ಲಿಂಗಸುಗೂರಿನಲ್ಲಿ ನಾಲ್ವರು ನನ್ನನ್ನು ಅದುಮಿ ಹಿಡಿದರು, ಡಾಕ್ಟರು ಗಾಯ ಕೊಯ್ದು ಕೀವು ತೆಗೆದರು. ನಾನು ಡಾಕ್ಟರಿಗೂ ಬೈದೆ, ಹಿಡಿದವರಿಗೂ ಬೈದೆ. ಮಧ್ಯಾಹ್ನ ಮನೆಗೆ ಬಂದು ಕುಂಟುತ್ತ ಊಟಕ್ಕೆ ಕೂತಾಗ ಅವಳು ಎರಡು ರೊಟ್ಟಿ ಹಾಕಿದಳು. ಇನ್ನೊಂದು ಕೇಳಿದೆ. ಅವಳು ಬುಟ್ಟಿಯ ಮೇಲೆ ಕೈ ಇಟ್ಟಳು.

"ಡಾಕ್ಟರ್ ಏನಂದಾರ, ನೀವ ಕೇಳೀರಿ."

ರೊಟ್ಟಿ ಸಮೇತ ಗಂಗಾಳ ಎತ್ತಿ ಅವಳ ಮುಖಕ್ಕೆ ಬೀಸಿದೆ. ಕಂಚಿನ ಗಂಗಾಳ. ಹುಬ್ಬಿನ ಮೇಲೆ ಹಣೆ ಒಡೆಯಿತು. ರಕ್ತ ಕಣ್ಣಿಗಿಳಿದು, ಮೂಗಿನ ಪಕ್ಕದಿಂದ ನೆಲದ ಮೇಲೆ ಬಿದ್ದಿದ್ದ ರೊಟ್ಟಿಗೆ ಹನಿಯಿತು. ಅವಳು ಅಳಲಿಲ್ಲ. ಆ ರೊಟ್ಟಿ ಎತ್ತಿಕೊಂಡು, ಮಣ್ಣು ಕೊಡವಿ, ನನ್ನೆದುರೇ ಕೂತು ಮುರಿದು ತಿನ್ನತೊಡಗಿದಳು. ಎರಡನ್ನೂ, ರಕ್ತ ಸಮೇತ.

"ಪ್ರಸಾದ ಚೆಲ್ಲಬಾರದಂತ ನೀವ ಅಂತಿದ್ರಲ್ರೀ" ಎಂದಳು. ಹಣೆಗೆ ಸೆರಗು ಒತ್ತಿಕೊಂಡು, ಕೈಚೀಲದಲ್ಲಿ ಎರಡು ಸೀರೆ ತುರುಕಿ, ಸಿಂಧನೂರು ಬಸ್ಸು ಹತ್ತಿದಳು.

ಒಂದು ವಾರ ಖಾನಾವಳಿಯಲ್ಲಿ ಹಟಕ್ಕೆ ಬಿದ್ದು ತಿಂದೆ. ಆದರೆ ಮನೆಯಲ್ಲಿ ಬೈಯಲು ಯಾರೂ ಇಲ್ಲದಿದ್ದಾಗ ಸಿಟ್ಟು ತಾನೇ ಸೊರಗಿತು. ನಾನೇ ಹಿಟ್ಟು ನಾದಿದೆ. ರೊಟ್ಟಿ ಹರಿಯಿತು, ಕೈ ಸುಟ್ಟಿತು. ಎರಡನೆಯದು ಬೇಯುವಷ್ಟರಲ್ಲಿ ಸಾಕೆನಿಸುತ್ತಿತ್ತು. ಮೂರನೆಯದನ್ನು ತಟ್ಟುವ ತಾಳ್ಮೆ ಇರಲಿಲ್ಲ. ನನ್ನ ಮಿತಿ ಶುರುವಾದದ್ದು ಹೀಗೆ, ಯಾವ ದೊಡ್ಡತನದಿಂದಲೂ ಅಲ್ಲ. ನಾಲ್ಕು ತಿಂಗಳಲ್ಲಿ ಕಾಲು ಮಾಯಿತು. ಅವಳಿಲ್ಲದ ಮನೆ ಮಾತ್ರ ತಡೆಯಲಾಗಲಿಲ್ಲ. ಅವಳು ಬರದಿದ್ದರೆ ನಾನು ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮುಕ್ಕುಂದದಲ್ಲಿ ಮೈದುನ ಬಾಗಿಲಲ್ಲೇ ಇದ್ದ. "ಯಾವ ಮಾರಿ ಹೊತ್ತು ಬಂದೀಯೋ?" ಎಂದವನೇ ಕಪಾಳಕ್ಕೆ ಬಿಟ್ಟ. ಎರಡನೆಯ ಏಟಿಗೆ ತುಟಿ ಒಡೆಯಿತು, ಕೆಳಗೆ ಬಿದ್ದಾಗ ಪಕ್ಕೆಗೆ ಒದ್ದ. ಕೈ ಎತ್ತಬೇಕೆನಿಸಿತು, ಎತ್ತಲಿಲ್ಲ.

"ಸಾಕು, ಬಿಡು. ಊಟಕ್ಕ ಕುಂದ್ರಸು." ಒಳಗಿನಿಂದ ಬಂದ ದನಿ ಅವಳದು.

ಮೈದುನನಿಗೂ ನನಗೂ ಎದುರುಬದುರು ಗಂಗಾಳ ಹಾಕಿದಳು. ಅವಳ ಹುಬ್ಬಿನ ಮೇಲೆ ಗಾಯ ಗೆರೆಯಾಗಿ ನಿಂತಿತ್ತು. ನನ್ನ ಗಂಗಾಳಕ್ಕೆ ಆರು ಹೋಳಿಗೆ ಒಂದರ ಮೇಲೊಂದು ಇಟ್ಟು, ತುಪ್ಪ ಸುರಿದು, ಕೈಕಟ್ಟಿ ನಿಂತಳು. ಬಾಯಲ್ಲಿ ನೀರೂರಿತು, ನಾಚಿಕೆಯೂ ಆಯಿತು. ನನ್ನನ್ನು ಪರೀಕ್ಷೆ ಮಾಡುತ್ತಾಳಲ್ಲ ಎಂಬ ಹಳೆಯ ಸಿಟ್ಟು ಕೂಡ ಎದೆಗೇರಿತು. ಮುಷ್ಟಿ ಬಿಗಿಯಿತು. ಅವಳ ಕಣ್ಣು ಆ ಮುಷ್ಟಿಯ ಮೇಲೇ ಇತ್ತು.

ಮುಷ್ಟಿ ಬಿಚ್ಚಿದೆ. ಆರನ್ನೂ ಎತ್ತಿ, ಈಗಷ್ಟೇ ನನ್ನನ್ನು ಒದ್ದವನ ಗಂಗಾಳಕ್ಕೆ ಹಾಕಿದೆ.

"ನನಗ ಸಕ್ಕರಿ ಐತಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಎರಡು ರೊಟ್ಟಿ ಹಾಕು."

ಹಾಕಿದಳು. ಉಂಡೆ. ಗಂಗಾಳಕ್ಕೆ ನೀರು ಹಾಕಿ ತೊಳೆಯುವಾಗ ಒಡೆದ ತುಟಿಯ ರಕ್ತ ತೊಟ್ಟಿಕ್ಕಿ ನೀರು ಕೆಂಪಾಯಿತು. ಚೆಲ್ಲುವ ಹಾಗಿರಲಿಲ್ಲ. ಅವಳು ನೋಡುತ್ತಲೇ ಇದ್ದಳು. ಅಷ್ಟನ್ನೂ ಕುಡಿದು ಗಂಗಾಳ ಕೆಳಗಿಟ್ಟೆ.

"ಮಸ್ಕಿ ಬಸ್ಸು ಎಷ್ಟಕ್ಕೈತ್ರೀ?" ಎಂದು ಕೇಳಿದಳು.