ಅಮ್ಮನ ಪಂಕ್ತಿ ತಪ್ಪಿದ್ದು

ನಾನು ಜೀವಮಾನದಲ್ಲಿ ತಿಂದದ್ದು ಒಂದೇ ಒಂದು ಮೊಟ್ಟೆ. ಅದೂ ಆಸೆಪಟ್ಟಲ್ಲ, ಒಬ್ಬ ಮುದುಕಿಯ ಬಾಯಿ ಮುಚ್ಚಿಸುವುದಕ್ಕೆ. ಅದರಿಂದ ಅಮ್ಮನ ಜೊತೆ ಕೂತು ಉಣ್ಣುವ ಭಾಗ್ಯ ನನ್ನ ಕೈತಪ್ಪಿತು.

ಆಗ ಶಿವಮೊಗ್ಗದ ನಮ್ಮ ಮನೆಯಲ್ಲಿದ್ದವರು ಅಮ್ಮ, ನಾನು ಇಬ್ಬರೇ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ನನಗೆ ಬಂದ ಸಂಬಂಧಗಳೆಲ್ಲ ಒಂದೊಂದು ನೆಪದಲ್ಲಿ ಹಿಂದೆ ಸರಿದಿದ್ದವು. ನನ್ನ ಮೂಗಿನ ತುದಿಯ ಸಿಟ್ಟೂ ಅದರಲ್ಲೊಂದು ನೆಪ. ಓರಗೆಯ ಗೆಳತಿಯರು ಮದುವೆಯಾಗಿ ಹೋಗಿ, ಬೀದಿಯಲ್ಲಿ ಸಿಕ್ಕರೆ ಮಕ್ಕಳ ಸ್ಕೂಲಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಹಗಲೆಲ್ಲ ಹಳ್ಳಿ ಸುತ್ತಿ ಬಂದು ಸಂಜೆ ಅಮ್ಮನ ಎದುರು ಊಟಕ್ಕೆ ಕೂರುವುದೊಂದೇ ನನಗಿದ್ದ ಸಂಗ. ಅಮ್ಮ ಲಿಂಗಪೂಜೆ ಮುಗಿಸಿದವಳೇ ಎರಡು ತಟ್ಟೆ ಹಾಕುತ್ತಿದ್ದಳು. ರೊಟ್ಟಿ, ಎಣ್ಣೆಗಾಯಿ, ಕೊನೆಗೆ ಮಜ್ಜಿಗೆ ಅನ್ನ. "ನಂಗೆ ಜಾಸ್ತಿ ಆಯ್ತು ಕಣೆ" ಎಂದು ಸುಳ್ಳು ಹೇಳಿ ತನ್ನ ತಟ್ಟೆಯ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದಳು. ನಾನು ಬೈದುಕೊಂಡು ತಿನ್ನುತ್ತಿದ್ದೆ. ಬಸ್ಸಿನಲ್ಲಿ ಯಾರು ಸಿಕ್ಕರು, ಯಾರು ಏನಂದರು, ನಾನು ಯಾರಿಗೆ ಉಗಿದೆ, ಎಲ್ಲ ಅಲ್ಲೇ ಹೊರಬೀಳಬೇಕು. ಆ ಹೊತ್ತೊಂದಿರದಿದ್ದರೆ ನನ್ನ ದಿನಕ್ಕೆ ಅರ್ಥವೇ ಇರಲಿಲ್ಲ.

ಹಳ್ಳಿಗಳ ಊಟ ಸುಧಾರಿಸುವ ಒಂದು ಯೋಜನೆಯಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ನವುಲೆಯ ಕೃಷಿ ಕಾಲೇಜಿನಲ್ಲಿ ಕೂರಿಸಿ ತರಬೇತಿ ಕೊಟ್ಟರು. ಆಮೇಲೆ ಭದ್ರಾವತಿ ಆಚೆಯ ಹಳ್ಳಿಗಳನ್ನು ನನ್ನ ತಲೆಗೆ ಕಟ್ಟಿದರು. ಹಿತ್ತಿಲಲ್ಲಿ ಹರಿವೆ, ನುಗ್ಗೆ, ಪಪ್ಪಾಯಿ ಹಾಕಿಸುವುದು. ಕೂಲಿ ಮಾಡುವ ಮನೆಗಳಿಗೆ ಗಿರಿರಾಜ ಎಂಬ ತಳಿಯ ಕೋಳಿಮರಿ ಕೊಟ್ಟು, ಮೊಟ್ಟೆಯನ್ನು ಮಕ್ಕಳಿಗೆ ತಿನ್ನಿಸಿ ಎಂದು ಹೇಳುವುದು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳು ನಾನು. ನನಗೆ ಹಳ್ಳಿಯವರು ಇಟ್ಟ ಹೆಸರು ಮಾತ್ರ ಕೋಳಿ ಮೇಡಂ. ಅಮ್ಮನಿಗೆ ಹೇಳಿದಾಗ ನಕ್ಕಳು. "ಕೊಡೋದು ತಾನೇ ನಿನ್ನ ಕೆಲಸ? ಕೊಡು. ತಿನ್ನೋರು ತಿನ್ಲಿ," ಎಂದಳು.

ಮರಿಗಳು ಬೆಳೆದು ಮೊಟ್ಟೆ ಇಡತೊಡಗಿದವು. ಕಂದು ಬಣ್ಣದ ದಪ್ಪ ಮೊಟ್ಟೆಗಳು. ಆದರೆ ಒಂದು ಮನೆಯಲ್ಲೂ ಒಂದು ಮಗುವಿನ ಬಾಯಿಗೂ ಅವು ಹೋಗುತ್ತಿರಲಿಲ್ಲ. ಹೆಂಗಸರು ಬುಟ್ಟಿಯಲ್ಲಿ ಭತ್ತದ ಹೊಟ್ಟು ಹಾಸಿ, ಮೊಟ್ಟೆ ಜೋಡಿಸಿಕೊಂಡು ಕಾಗದನಗರದ ಕಾರ್ಖಾನೆ ಕ್ವಾರ್ಟರ್ಸಿಗೆ ಹೋಗಿ ಮಾರಿಬಿಡುತ್ತಿದ್ದರು. ಬಡವರು, ದುಡ್ಡಿಗೆ ಮಾರುತ್ತಾರೆ ಎಂದು ನಾನು ಮೊದಮೊದಲು ಸುಮ್ಮನಿದ್ದೆ. ಆದರೆ ಅವರೇ ನಾಟಿ ಕೋಳಿಯ ಮೊಟ್ಟೆ ಸಿಕ್ಕಿದರೆ ಮಕ್ಕಳಿಗೆ ಬೇಯಿಸಿ ಕೊಡುತ್ತಿದ್ದರು. ಅದು ಗೊತ್ತಾದ ಮೇಲೆ ನನಗೆ ತಲೆ ಕೆಟ್ಟಿತು.

ಅಲ್ಲೊಂದು ಹುಡುಗಿ ಇದ್ದಳು. ಅಂಗನವಾಡಿಗೆ ಹೋಗುವ ವಯಸ್ಸು, ಹೊಟ್ಟೆ ಮುಂದೆ ಬಂದು ಕೈಕಾಲು ಕಡ್ಡಿಯಾಗಿದ್ದವು, ಕೂದಲು ಕೆಂಚಗೆ. ಬೇರೆ ಮಕ್ಕಳು ಓಡುವಾಗ ಅವಳು ಗೋಡೆಗೆ ಒರಗಿ ನೋಡುತ್ತಿದ್ದಳು. ಅವಳ ತಾಯಿ ಗದ್ದೆ ಕೂಲಿಗೆ ಹೋಗುವವಳು, ನನ್ನ ಮಾತಿಗೆಲ್ಲ ತಲೆಯಾಡಿಸಿ ಕೊನೆಗೆ ಅತ್ತೆಯ ಮುಖ ನೋಡುವವಳು. ಆ ಅತ್ತೆ, ಅಂದರೆ ಹುಡುಗಿಯ ಅಜ್ಜಿ, ಎಲೆಅಡಿಕೆ ಜಗಿಯುತ್ತ ಎಲ್ಲವನ್ನೂ ಬೇಡ ಎನ್ನುವವಳು.

ಒಂದು ದಿನ ನಾನೇ ಒಲೆ ಮುಂದೆ ಕೂತು ಅವರದೇ ಕೋಳಿಯ ಎರಡು ಮೊಟ್ಟೆ ಬೇಯಿಸಿದೆ. ಹಳ್ಳಿಯ ನಾಲ್ಕೈದು ಹೆಂಗಸರು ನೋಡಲು ಬಂದರು. ಎರಡನ್ನೂ ಸಿಪ್ಪೆ ಸುಲಿದು, ಒಂದನ್ನು ಹುಡುಗಿಯ ಬಾಯಿಗೆ ಹಿಡಿದೆ. ಅವಳು ಅಜ್ಜಿಯನ್ನು ನೋಡಿದಳು, ಬಾಯಿ ತೆರೆಯಲಿಲ್ಲ.

"ಇದು ಇಂಜೆಕ್ಷನ್ ಕೋಳಿ ಕಣಮ್ಮ," ಎಂದಳು ಅಜ್ಜಿ. "ನಮ್ಮ ಕೋಳಿ ಹಿಂಗೆ ಊದ್ಕೊಂಡಿರ್ತವಾ? ಇದನ್ನ ತಿಂದ್ರೆ ಹುಡ್ಗಿ ಮೈಯೆಲ್ಲ ಕಜ್ಜಿ ಏಳ್ತದೆ. ಕ್ವಾರ್ಟರ್ಸಿನೋರು ತಿಂದ್ರೆ ತಿನ್ಲಿ, ಅವ್ರಿಗೆ ಆಸ್ಪತ್ರೆ ಐತೆ."

ಇಂಜೆಕ್ಷನ್ ಅಲ್ಲ, ತಳಿಯೇ ಹಾಗೆ ಎಂದೆ. ಗಂಟಲು ಹರಿದುಕೊಂಡೆ.

"ಅಂಗಾದ್ರೆ ನೀವ್ಯಾಕೆ ಒಂದಿನಾನೂ ತಿಂದಿಲ್ಲ?"

"ನಮ್ಮಲ್ಲಿ ತಿನ್ನಲ್ಲಜ್ಜಿ."

"ನಿಮ್ಮಲ್ಲಿ ತಿನ್ನಬಾರ್ದಿದ್ದು ನಮ್ಮಲ್ಲಿ ಮಾತ್ರ ಯಾಕೆ ತಿನ್ನುಸ್ತೀರಾ? ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ. ಇಲ್ಲಿ ಮೊಟ್ಟೆ ಪುರಾಣ ಹೇಳಿ, ಮನೇಗೋಗಿ ಬದನೇಕಾಯಿ ತಿಂತೀರಾ!"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಬೆಳಿಗ್ಗೆ ಅಮ್ಮ ಬದನೆಕಾಯಿಯನ್ನೇ ಕಟ್ಟಿ ಕೊಟ್ಟಿದ್ದಳು. ಹುಡುಗಿಯ ತಾಯಿ ಮಾತ್ರ ನಗಲಿಲ್ಲ. ನಾನೇನು ಮಾಡುತ್ತೇನೋ ಎಂದು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮಗು ತಿನ್ನಬೇಕಿತ್ತು, ಅತ್ತೆಗೆ ಎದುರಾಡುವ ಧೈರ್ಯ ಇರಲಿಲ್ಲ.

ಸಿಟ್ಟು ಬಂದಾಗ ನಾನು ಯೋಚನೆ ಮಾಡುವವಳಲ್ಲ. ಕೈಯಲ್ಲಿದ್ದ ಮೊಟ್ಟೆಗೆ ಉಪ್ಪು ಉದುರಿಸಿ ಬಾಯಿಗೆ ಹಾಕಿಕೊಂಡೆ. ಮೆತ್ತಗಿತ್ತು, ಹಳದಿ ಅಂಗುಳಕ್ಕೆ ಅಂಟಿಕೊಂಡಿತು. ನುಂಗಲಾರೆ ಅನಿಸಿತು. ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಿದ್ದರು, ನುಂಗಿದೆ. ಅಜ್ಜಿಯ ಜಗಿತ ನಿಂತಿತ್ತು. ಹುಡುಗಿ ನನ್ನ ದವಡೆ ಆಡುವುದನ್ನು ನೋಡಿ ನೋಡಿ, ಇನ್ನೊಂದು ಮೊಟ್ಟೆಯನ್ನು ತಾನೇ ಎತ್ತಿಕೊಂಡು ಕಚ್ಚಿದಳು. ತಾಯಿ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ವಾಪಸ್ ಬರುವಾಗ ಬಸ್ಸಿನಲ್ಲೂ ಬಾಯಿಂದ ಮೊಟ್ಟೆಯ ವಾಸನೆ ಹೋಗಿರಲಿಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ವಾಸನೆ ಬೇರೆ. ಕರ್ಚೀಫು ಮೂಗಿಗಿಟ್ಟು ಕೂತೆ. ಆದರೂ ಒಳಗೊಳಗೇ ಖುಷಿಯಿತ್ತು. ಈ ಸುದ್ದಿಯನ್ನು ಯಾರಿಗಾದರೂ ಹೇಳಬೇಕಿತ್ತು, ನನಗಿದ್ದವಳು ಒಬ್ಬಳೇ.

ಊಟದ ನಡುವೆ ಹೇಳಿಬಿಟ್ಟೆ. "ಅಮ್ಮಾ, ಇವತ್ತು ಮೊಟ್ಟೆ ತಿಂದೆ."

ಅಮ್ಮ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ಬೈಯಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದರೆ ನಾನ್ಯಾಕೆ ಹೇಳಲಿ ಎಂಬ ಹಠ ನನಗೆ, ಹೇಳಲಿಲ್ಲ. ತಟ್ಟೆಯಲ್ಲಿದ್ದುದನ್ನು ಅವಳು ಬಿಡದೆ ಮುಗಿಸಿ ಎದ್ದಳು.

ಮಾರನೆಯ ಸಂಜೆ ಒಂದೇ ತಟ್ಟೆ ಇತ್ತು. "ನೀನುಣ್ಣು, ನಂಗಿನ್ನೂ ಹಸಿವಿಲ್ಲ," ಎಂದಳು. ಅದರ ಮಾರನೆಯ ದಿನವೂ ಹಸಿವಿರಲಿಲ್ಲ. ನಾನು ಉಂಡು ಕೈತೊಳೆದು ಕೋಣೆಗೆ ಹೋದ ಮೇಲೆ ಅಡುಗೆಮನೆಯಲ್ಲಿ ಅವಳ ಬಳೆಯ ಸದ್ದು ಕೇಳುತ್ತಿತ್ತು. ಒಬ್ಬಳೇ ಉಣ್ಣುತ್ತಿದ್ದಳು.

ನಾನು ಸುಮ್ಮನಿರುವ ಪೈಕಿಯಲ್ಲ. "ನಾನೇನು ಕೋಳಿ ಕತ್ತರಿಸಿ ಬಂದ್ನಾ?" ಎಂದು ಕೂಗಾಡಿದೆ. ಮಠಕ್ಕೆ ಹೋಗಿ ಸ್ವಾಮಿಗಳ ಪಾದೋದಕ ತೆಗೆದುಕೊಂಡು ಬರುತ್ತೇನೆ, ಆಗಲಾದರೂ ಸರಿಹೋಗುತ್ತಾ ಎಂದೆ.

"ಅದೆಲ್ಲ ಯಾಕೆ ಮಾರಾಯ್ತಿ? ನೀನು ತಪ್ಪು ಮಾಡಿದಿ ಅಂತ ನಾನಂದ್ನಾ?" ಎಂದಳು. "ಎದುರಿಗೆ ಕೂತ್ರೆ ನಂಗೆ ತುತ್ತು ಇಳಿಯಲ್ಲ, ಅಷ್ಟೆ."

ತಪ್ಪು ಎಂದಿದ್ದರೆ ಕ್ಷಮೆ ಕೇಳಬಹುದಿತ್ತು. ಇಳಿಯದ ತುತ್ತಿಗೆ ಏನು ಮಾಡುವುದು? ಉಳಿದದ್ದರಲ್ಲೆಲ್ಲ ಅವಳು ಮೊದಲಿನ ಅಮ್ಮನೇ. ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು, ಬಸ್ಸು ತಡವಾದರೆ ಗೇಟಿನಲ್ಲಿ ನಿಂತಿರುತ್ತಿದ್ದಳು. ಊಟದ ಹೊತ್ತಿಗೆ ಮಾತ್ರ ಹಸಿವಿರುತ್ತಿರಲಿಲ್ಲ. ನಾನು ಹಳ್ಳಿಗಳಲ್ಲಿ ಹೆಂಗಸರನ್ನು ಕೂರಿಸಿಕೊಂಡು, ನೀವು ಕೊನೆಗೆ ಉಣ್ಣಬೇಡಿ, ಮನೆಮಂದಿ ಒಟ್ಟಿಗೆ ಕೂರಿ ಎಂದು ಪಾಠ ಹೇಳುತ್ತಿದ್ದೆ. ಮನೆಗೆ ಬಂದು ಗೋಡೆ ನೋಡುತ್ತ ಉಣ್ಣುತ್ತಿದ್ದೆ. ಬಸ್ಸಿನ ಕಥೆಗಳು ಹೊಟ್ಟೆಯಲ್ಲೇ ಉಳಿದವು. ಎರಡೇ ಜನರಿರುವ ಮನೆಯಲ್ಲಿ ಇಬ್ಬರೂ ಒಂಟಿಯಾಗಬಹುದು ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಎಷ್ಟೋ ಸಲ ತಟ್ಟೆಯ ಮುಂದೆ ಅತ್ತಿದ್ದೇನೆ.

ಯೋಜನೆ ಮುಗಿಯಿತು, ನನಗೆ ಪೇಟೆಯಲ್ಲೇ ಬೇರೆ ಕೆಲಸವಾಯಿತು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಆ ಹುಡುಗಿಯ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಳು. ಯಾವುದೋ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ದಳಂತೆ. ಕೈಯಲ್ಲಿ ಹರಿವೆ ಸೊಪ್ಪಿನ ಕಟ್ಟು, ಒಂದು ಪಪ್ಪಾಯಿ. ಹುಡುಗಿಯನ್ನು ನಾನು ಗುರುತು ಹಿಡಿಯಲಿಲ್ಲ. ಎರಡು ಜಡೆ, ತುಂಬಿದ ಕೆನ್ನೆ. ಜಗಲಿಯ ಮೆಟ್ಟಿಲನ್ನು ಹಾರಿಕೊಂಡು ಬಂದಳು.

"ಅವತ್ತು ಅಕ್ಕ ನಮ್ಮತ್ತೆ ಎದುರಿಗೆ ಮೊಟ್ಟೆ ತಿಂದು ತೋರುಸ್ದೇ ಇದ್ದಿದ್ರೆ ಇವ್ಳು ಬಾಯೇ ಬಿಡ್ತಿರ್ಲಿಲ್ಲ ಅಮ್ಮಾರೇ," ಎಂದಳು ತಾಯಿ. "ಆಮೇಲೆ ನಮ್ಮ ಕೇರೀಲಿ ಎಲ್ರೂ ಮಕ್ಳಿಗೆ ಕೊಟ್ರು."

ಅಮ್ಮ ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಂದು ಹುಡುಗಿಯ ಪಕ್ಕದಲ್ಲಿ ಕೂತಳು. ಇನ್ನೊಂದು, ಇನ್ನೊಂದು ಎಂದು ಬಲವಂತ ಮಾಡಿ ತಿನ್ನಿಸಿದಳು. ತಲೆ ಸವರಿ ಕಳಿಸಿದಳು.

ಇವತ್ತು ಎರಡು ತಟ್ಟೆ ಹಾಕುತ್ತಾಳೆ ಎಂದು ನಾನು ಸಂಜೆತನಕ ಕಾದೆ. ಒಂದೇ ಹಾಕಿದಳು. ಉಂಡೆ. ಆದರೆ ಆ ದಿನ ಕೋಣೆಗೆ ಹೋಗಲು ಮನಸ್ಸಾಗಲಿಲ್ಲ. ಅಡುಗೆಮನೆಯ ಬಾಗಿಲ ಹೊರಗೆ, ಅವಳಿಗೆ ಕಾಣದ ಹಾಗೆ, ಗೋಡೆಗೆ ಒರಗಿ ಕೂತೆ. ಒಳಗೆ ಅವಳು ತಟ್ಟೆ ಹಾಕಿಕೊಂಡಳು. ಆದರೂ ನಾನಲ್ಲಿರುವುದು ಅವಳಿಗೆ ಗೊತ್ತಿತ್ತು.

"ಆ ಹುಡುಗಿಗೋಸ್ಕರ ತಿಂದೆ ಅಂತ ಯಾಕೆ ಹೇಳ್ಲಿಲ್ಲ?" ಎಂದಳು ಒಳಗಿನಿಂದ.

"ನೀನು ಕೇಳ್ಲಿಲ್ಲ."

ಒಳಗೆ ಅವಳು ರೊಟ್ಟಿ ಮುರಿದ ಸದ್ದಾಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ಅದರ ರುಚಿ ಹೆಂಗಿತ್ತೇ?" ಎಂದಳು.

"ರುಚಿ ಏನಿಲ್ಲಮ್ಮ. ಉಪ್ಪು ಹಾಕ್ಕೊಂಡಿದ್ನಲ್ಲ, ಉಪ್ಪುಪ್ಪಾಗಿತ್ತು."

"ಅಷ್ಟೇನಾ?" ಎಂದಳು. "ಭಾಳ ರುಚಿ ಇರ್ಬೇಕು, ಅದಕ್ಕೇ ನಿಂಗೆ ತಿನ್ನದೆ ಇರೋಕಾಗ್ಲಿಲ್ಲ ಅಂದ್ಕೊಂಡಿದ್ದೆ."

ಇಷ್ಟು ವರ್ಷ ಅವಳು ಹಾಗೆ ಅಂದುಕೊಂಡು ಒಬ್ಬಳೇ ಉಂಡಿದ್ದಳು. ಒಳಗೆ ಅವಳು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡದ್ದು ಕೇಳಿಸಿತು. ಮಾರನೆಯ ಸಂಜೆಯೂ ನನಗೊಬ್ಬಳಿಗೇ ತಟ್ಟೆ ಹಾಕಿದಳು.