ಮೂವತ್ತೆಂಟು ಸಾಲುಗಳ ಅರ್ಥ ಹುಡುಕಿದ ಡಬ್ಬಿ ಅಕ್ಕ

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಡಬ್ಬಿ ಅಕ್ಕ ಹಿಂದಿನ ದಿನ ನಕಲಾದ ಕಡತಗಳನ್ನು ಮೂಲದೊಂದಿಗೆ ತಾಳೆ ನೋಡುತ್ತಿದ್ದಾರೆ. ಸಂಶೋಧಕರು ಬಿಟ್ಟುಹೋದ ಡಿಸ್ಕು, ಪೆನ್‌ಡ್ರೈವ್, ಸಮೀಕ್ಷೆಯ ಪುಸ್ತಕಗಳನ್ನೆಲ್ಲ ಡಬ್ಬಿಗಳಲ್ಲಿ ಜೋಪಾನ ಮಾಡಿದ್ದಕ್ಕೆ ಅಂಟಿಕೊಂಡ ಹೆಸರದು.

ಹದಿನಾಲ್ಕು ವರ್ಷಗಳಲ್ಲಿ ಎರಡು ಸಾವಿರದ ಮುನ್ನೂರು ಪ್ರಬಂಧಗಳಿಗೆ ಅವುಗಳ ಮೂಲ ಅಂಕಿಅಂಶಗಳ ಕೊಂಡಿ ಹಾಕಿದ್ದಾರೆ. ಪ್ರಬಂಧ ಓದಿದವರು ಅಳತೆಗಳನ್ನೂ ತಾವೇ ತೆರೆದು ನೋಡಬಹುದು. ಪೈಪು ಒಡೆದು ನೀರು ನುಗ್ಗಿದ ವರ್ಷ ಡಬ್ಬಿಗಳನ್ನು ತಲೆಯ ಮೇಲೆ ಹೊತ್ತು ಎರಡು ಮಹಡಿ ಹತ್ತಿದ್ದೂ ಇವರೇ. “ಅಷ್ಟು ಓದಿ ಕಂಡೋರ ಗುಜರಿ ಕಾಯ್ತೀಯಲ್ಲೇ,” ಎಂದು ಅಮ್ಮ ಇಂದಿಗೂ ಚುಚ್ಚುತ್ತಾರೆ.

ಆ ಗುಜರಿಗೆ ಕಳೆದ ತಿಂಗಳು ಬೆಲೆ ಬಂತು. ಕಲ್ಲುಪುಡಿ ಕಾರ್ಖಾನೆಯ ಧೂಳು ಕಾರ್ಮಿಕರ ಉಸಿರನ್ನು ಕುಗ್ಗಿಸುತ್ತದೆ ಎಂದು ಇಪ್ಪತ್ತೆರಡು ವರ್ಷಗಳ ಹಿಂದೆ ಪ್ರಾಧ್ಯಾಪಕಿಯೊಬ್ಬರು ಪ್ರಬಂಧ ಬರೆದಿದ್ದರು. ಅದೇ ಅಂಕಿಗಳನ್ನು ಮತ್ತೆ ಲೆಕ್ಕಹಾಕಿದ ಹೊಸ ಸಂಶೋಧಕರಿಗೆ ಉಸಿರು ಕುಗ್ಗಿದ್ದು ಕಾಣಲೇ ಇಲ್ಲ. ಹತ್ತು ದಿನಗಳಲ್ಲಿ ಸಮಜಾಯಿಷಿ ಬಾರದಿದ್ದರೆ ಪ್ರಬಂಧ ವಾಪಸ್ ಎಂದಿತು ಅದನ್ನು ಪ್ರಕಟಿಸಿದ್ದ ಸಂಶೋಧನಾ ಪತ್ರಿಕೆ. ಈಗ ನಿವೃತ್ತರಾಗಿರುವ ಆ ಪ್ರಾಧ್ಯಾಪಕಿ ಡಬ್ಬಿ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಏನೂ ನೆನಪಿಲ್ಲಮ್ಮ. ಆದ್ರೆ ನಾನು ಸುಳ್ಳು ಬರೆದಿಲ್ಲ.”

ಡಬ್ಬಿ ಅಕ್ಕ ಕಡತ ತೆರೆದರು. ಮೂವತ್ತೆಂಟು ಸಾಲುಗಳಲ್ಲಿ ಉಸಿರಿನ ಅಳತೆ ಒಂದೇ, ೯೯೯. ಅಷ್ಟು ಜನ ಒಂದೇ ಸಮ ಊದುವುದುಂಟೇ? ಕಡತ ಸೇರಿಸಿದವರ ಹೆಸರು ನೋಡಿದರೆ, ಅದು ಡಬ್ಬಿ ಅಕ್ಕನದೇ.

“ಕೆಲಸಕ್ಕೆ ಸೇರಿದ ಹೊಸತು. ಅಂಕಿ ಇಟ್ಟೆ, ಅರ್ಥ ಕೇಳ್ಲಿಲ್ಲ. ತಪ್ಪು ನಂದೇ,” ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ.

ಏಳು ದಿನ ಡಬ್ಬಿಗಳನ್ನು ಜಾಲಾಡಿದರು. ಎಂಟನೆಯ ದಿನ ಗೆದ್ದಲು ಮುಟ್ಟಿದ ಸಮೀಕ್ಷೆ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನ ಒಂದು ಸಾಲು ಸಿಕ್ಕಿತು: ‘೯೯೯ ಎಂದರೆ ಆ ದಿನ ಕಾರ್ಮಿಕ ಬಂದಿಲ್ಲ.’ ೯೯೯ನ್ನೇ ಅಳತೆಯೆಂದು ಹಿಡಿದು, ಬಾರದವರನ್ನೂ ಭರ್ಜರಿಯಾಗಿ ಉಸಿರಾಡಿಸಿಬಿಟ್ಟಿದ್ದರು ಹೊಸಬರು!

ಆ ಹಾಳೆ ಈಗ ಅಂಕಿಗಳ ಜೊತೆ, ಅಂಕಿಗಳು ಪ್ರಬಂಧದ ಜೊತೆ ಸೇರಿಕೊಂಡಿವೆ. ಹೊಸಬರು ಲೆಕ್ಕ ತಿದ್ದಿದರು. ಉತ್ತರ ಹಳೆಯದಕ್ಕೆ ಕರಾರುವಾಕ್ಕಾಗಿ ತಾಳೆಯಾಯಿತು. ಪ್ರಬಂಧ ಉಳಿಯಿತು. ಪ್ರಾಧ್ಯಾಪಕಿ ಊರುಗೋಲು ಹಿಡಿದು ನೆಲಮಾಳಿಗೆಗೆ ಇಳಿದು ಬಂದು, ಅಕ್ಕನ ಎರಡೂ ಕೈ ಹಿಡಿದು ನಿಂತುಬಿಟ್ಟರು.

ಮುಂದಿನ ಆಸೆ ಏನೆಂದು ಕೇಳಿದರೆ ಡಬ್ಬಿ ಅಕ್ಕ ನಗುತ್ತಾರೆ. “ಐವತ್ತು ವರ್ಷ ಬಿಟ್ಟು ಯಾರಾದ್ರೂ ಇದನ್ನ ತೆಗೆದ್ರೆ, ಇಟ್ಟೋಳು ಯಾರು ಅಂತ ಹುಡುಕೋ ಗರಜೇ ಬೀಳಬಾರದು. ಅಷ್ಟು ನೆಟ್ಟಗಿರಬೇಕು.”