ಆಹೇರಿಯ ಚೀಟಿ

ಆ ಚೀಟಿ ಗಂಗೂ ಬರೆದದ್ದಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೈಕು ಬಾಯಿಗೆ ಹಿಡಿದು, ಊರಿಗೆ ಊರೇ ಕೇಳುವಂತೆ, ಅವಳ ಹೆಸರು ಹೇಳಿ ಓದಿದೆ. ಹದಿನಾರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ. ನಮಾಜಿಗೆ ಕುಳಿತಾಗಲೂ ಈ ಒಂದು ಮಾತನ್ನು ಬದಿಗೆ ಸರಿಸಿ ಬೇರೆ ಏನೇನನ್ನೋ ಬೇಡಿಕೊಂಡು ಎದ್ದುಬಂದೆ.

ನಾನು ರಾಜೇಸಾಬ. ಮುಳಗುಂದದಲ್ಲಿ ದರ್ಜಿ. ಆದರೆ ಶಿರಹಟ್ಟಿಯಿಂದ ಮುಂಡರಗಿಯ ತನಕ ನನ್ನನ್ನು ದರ್ಜಿ ಅಂತ ಯಾರೂ ಕರೆಯುವುದಿಲ್ಲ, ಮಾಸ್ತರ ಅನ್ನುತ್ತಾರೆ. ಹಳ್ಳಿಯ ಹುಡುಗರು ನಾಟಕ ಆಡುವಾಗ ಹಾರ್ಮೋನಿಯಂ ಪೇಟಿ ಬಾರಿಸುವವನು, ಮಾತು ಕಲಿಸುವವನು, ಬೇಕೆಂದರೆ ನಾಟಕವನ್ನೇ ಬರೆದುಕೊಡುವವನು ನಾನು. ಮಾಸ್ತರ ಬಂದರೆ ನಾಟಕ ಗೆದ್ದ ಹಾಗೆ ಎಂಬ ಹೆಸರಿತ್ತು. ಆ ಹೆಸರಿನ ಸೊಕ್ಕೂ ಇತ್ತು — ಮುಚ್ಚಿಡುವುದೇನು ಬಂತು ಈಗ.

ಗಂಗೂ ಬೆಟಗೇರಿಯ ನೇಕಾರ ಗುರಪ್ಪನ ಮಗಳು. ಮುಳಗುಂದದಲ್ಲಿ ಅವಳ ಸೋದರಮಾವನ ಮನೆ. ಅಲ್ಲಿದ್ದುಕೊಂಡು ನನ್ನ ಹೆಂಡತಿ ಜೈನಬಿಯ ಹತ್ತಿರ ಹೊಲಿಗೆ ಕಲಿಯಲು ಬಂದಳು. ಮೊದಲ ದಿನ ಗುರಪ್ಪ ತಾನೇ ಬಂದು ಬಿಟ್ಟುಹೋದ. ಹೋಗುವಾಗ ನನ್ನ ಕೈ ಹಿಡಿದು, ನಿಮ್ಮ ಮೇಲೆ ಬಿಟ್ಟು ಹೋಗುತ್ತಿದ್ದೇನೆ, ಮಾಸ್ತರ ಮನೆ ಅಂದರೆ ನನಗೆ ಚಿಂತೆಯಿಲ್ಲ ಅಂದ. ಹುಡುಗಿ ಚುರುಕು, ಬಾಯಿ ಜೋರು. ನಾನು ಕತ್ತರಿಸಿದ ಬಟ್ಟೆಗೂ ತಪ್ಪು ತೆಗೆಯುತ್ತಿದ್ದಳು. ಅಳತೆಯ ಪುಸ್ತಕ ಅವಳೇ ಬರೆಯುತ್ತಿದ್ದಳು, ಸಣ್ಣ ಸಣ್ಣ ನೆಟ್ಟಗಿನ ಅಕ್ಷರಗಳಲ್ಲಿ. ಆ ಅಕ್ಷರ ನನಗೆ ದಿನಾ ಕಣ್ಣಿಗೆ ಬೀಳುತ್ತಿತ್ತು. ಇದನ್ನು ನೆನಪಿಡಿ.

ಈರಣ್ಣ ಪಕ್ಕದ ಹಳ್ಳಿಯವನು. ನನ್ನ ನಾಟಕಗಳ ಹೀರೋ. ಅಂಥ ಕಂಠ ಮತ್ತೆ ನನಗೆ ಸಿಗಲಿಲ್ಲ. ಗಂಗೂ ಅಂದರೆ ಅವನಿಗೆ ಹುಚ್ಚು. ಮೊದಮೊದಲು ಅವನ ಹಾಡು ಅವಳಿಗೂ ಹಿಡಿಸಿತ್ತು, ಸುಳ್ಳು ಹೇಳಲಾರೆ, ಅಂಗಡಿಯ ಮುಂದೆ ಅವನು ಹಾಡಿಕೊಂಡು ಹೋದರೆ ಸೂಜಿ ಹಿಡಿದ ಕೈ ನಿಲ್ಲುತ್ತಿತ್ತು. ಆಮೇಲೆ ಅವನು ದಿನಾ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತು ಕಾಯತೊಡಗಿದ. ಅವಳು ಬೆಟಗೇರಿಗೆ ಹೊರಟರೆ ಅದೇ ಬಸ್ಸು ಹತ್ತುತ್ತಿದ್ದ. ಯಾರ ಜೊತೆ ನಕ್ಕರೂ ಲೆಕ್ಕ ಕೇಳುತ್ತಿದ್ದ. ಒಂದು ದಿನ ಬ್ಲೇಡಿನಿಂದ ಮುಂಗೈ ಮೇಲೆ ಅವಳ ಹೆಸರು ಕೊರೆದುಕೊಂಡು ಬಂದು ತೋರಿಸಿದ. ನೀನು ಇಲ್ಲ ಅಂದರೆ ಈ ಕೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಅಂದನಂತೆ. ಅದು ನಾನು ಬರೆದ ಮಾತು! ಹಿಂದಿನ ವರ್ಷದ ನಾಟಕದ ಎರಡನೇ ಅಂಕ. ಅವಳಿಗೂ ಗುರುತು ಸಿಕ್ಕಿತ್ತು. ಮರುದಿನ ಅಂಗಡಿಗೆ ಬಂದವಳು ನನ್ನನ್ನೇ ಹಿಡಿದಳು.

"ಮಾಸ್ತರ, ಅದು ನಿಮ್ಮ ನಾಟಕದ ಮಾತು. ನೀವ ಹೇಳಿಕೊಟ್ಟು ಕಳಸೀರೇನು?"

ನಕ್ಕುಕೊಂಡೇ ಕೇಳಿದಳು. ಆದರೆ ನಗುವುದು ಬಾಯಷ್ಟೇ ಎಂದು ಗೊತ್ತಾಗುತ್ತಿತ್ತು. ನಾನೂ ನಕ್ಕೆ. ಅವನು ಒಳ್ಳೆಯ ಹುಡುಗ, ಪ್ರಾಣ ಕೊಡುವವನು ಯಾರಿಗೆ ಸಿಗುತ್ತಾನೆ ಎಂದೆ. ಖರೆ ಹೇಳುತ್ತೇನೆ, ಆಗ ನನಗೆ ಅದು ಚಂದವೇ ಕಂಡಿತ್ತು. ನನ್ನ ಮಾತು ರಂಗದಿಂದ ಇಳಿದು ಬೀದಿಯಲ್ಲಿ ನಡೆಯುತ್ತಿದೆ ಎಂಬ ಹಿಗ್ಗು. ಅವಳು ಜೈನಬಿಗೆ ಮಾತ್ರ ಸ್ಪಷ್ಟವಾಗಿ ಹೇಳಿದ್ದಳು, ನನಗೆ ಅವನು ಬೇಡ, ಅವನನ್ನು ಕಂಡರೆ ಹೆದರಿಕೆ ಎಂದು. ಜೈನಬಿ ನನಗೆ ಹೇಳಿದಳು. ನಾಟಕ ಮುಗಿಯಲಿ ತಡಿ, ಅವನಿಗೆ ಬುದ್ಧಿ ಹೇಳುತ್ತೇನೆ ಎಂದೆ. ನಾಟಕಕ್ಕೆ ಎಂಟು ದಿನ ಉಳಿದಿತ್ತು.

ನಮ್ಮ ಕಡೆ ನಾಟಕದ ನಡುವೆ ಆಹೇರಿ ಮಾಡುತ್ತಾರೆ. ಅಂದರೆ, ಯಾರಿಗಾದರೂ ಪಾತ್ರಧಾರಿಯ ಮೇಲೆ ಅಭಿಮಾನ ಉಕ್ಕಿತೆಂದರೆ ಚೀಟಿ ಬರೆದು ಒಂದು ಉಡುಗೊರೆಯ ಜೊತೆ ಮುಂದೆ ಕಳಿಸುತ್ತಾರೆ. ಅಂಗಿಯ ಬಟ್ಟೆಯೋ, ಟಾವೆಲ್ಲೋ, ಉಂಗುರವೋ. ಆಟ ನಿಲ್ಲುತ್ತದೆ. ಮಾಸ್ತರ ಮೈಕಿನಲ್ಲಿ ಚೀಟಿ ಓದುತ್ತಾನೆ, ಇಂಥವರಿಂದ ಇಂಥವರಿಗೆ ಎಂದು. ಅರಸನ ಪಾತ್ರದವನು ಸಾಯುವ ಹೊತ್ತಿನಲ್ಲೂ ಎದ್ದು ನಿಂತು ಉಡುಗೊರೆ ತೆಗೆದುಕೊಂಡು, ನಮಸ್ಕಾರ ಮಾಡಿ, ಮತ್ತೆ ಮಲಗಿ ಸಾಯುತ್ತಾನೆ. ಹೊರಗಿನವರಿಗೆ ನಗೆ ಬರಬಹುದು. ನಮಗೆ ಅದು ಊರ ಮುಂದೆ ಆಡಿದ ಮಾತು. ಅಲ್ಲಿ ಓದಿದ್ದನ್ನು ಯಾರೂ ಸುಳ್ಳು ಅನ್ನುವುದಿಲ್ಲ.

ಈರಣ್ಣನ ಊರಲ್ಲೇ ಅವತ್ತಿನ ನಾಟಕ. ಗಂಗೂ ಸೋದರಮಾವನ ಮನೆಯವರ ಜೊತೆ ಬಂದು ಹೆಂಗಸರ ನಡುವೆ ಕುಳಿತಿದ್ದಳು. ಮೊದಲ ಅಂಕ ಮುಗಿದ ಕೂಡಲೇ ಈರಣ್ಣ ಪರದೆಯ ಹಿಂದಿನಿಂದ ಬಂದು ನನ್ನ ಕೈಯಲ್ಲಿ ಒಂದು ಚೀಟಿ, ಒಂದು ಬೆಳ್ಳಿ ಉಂಗುರ ಇಟ್ಟ. 'ನಾಯಕ ಈರಣ್ಣನಿಗೆ ಬೆಟಗೇರಿಯ ಗಂಗೂ ಕೊಡುವ ಪ್ರೀತಿಯ ಕಾಣಿಕೆ.' ದೊಡ್ಡ ದೊಡ್ಡ, ಹಿಂದಕ್ಕೆ ವಾಲಿದ ಅಕ್ಷರ. ನನ್ನ ನಾಟಕದ ಮಾತುಗಳನ್ನು ಅವನು ತನ್ನ ವಹಿಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದದ್ದು ಇದೇ ಅಕ್ಷರದಲ್ಲಿ. ಇದೇನೋ ಎಂದು ಮುಖ ನೋಡಿದೆ.

"ಓದ್ರಿ ಮಾಸ್ತರ. ಓದಲಿಲ್ಲಂದ್ರ ಮುಂದಿನ ಅಂಕಕ್ಕ ನಾ ಬರೂದಿಲ್ಲ."

ಅಷ್ಟೇ ನೋಡಿ. ಮುಂದಿನ ಅಂಕ ನಿಲ್ಲಬಾರದು ಎಂಬುದಕ್ಕೆ — ಅಲ್ಲ, ಅದೊಂದೇ ಅಲ್ಲ. ಇದನ್ನು ಓದಿದರೆ ಸಭೆ ಹೇಗೆ ಕುಣಿಯುತ್ತದೆ ಎಂಬುದೂ ನನಗೆ ಗೊತ್ತಿತ್ತು. ಓದಿದೆ. ದನಿ ಏರಿಸಿ, ಅವಳ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲಿಸಿ, ಬೇಕಾದ ಹಾಗೆ ಓದಿದೆ. ಸೀಟಿ, ಚಪ್ಪಾಳೆ, ಟಾವೆಲ್ಲುಗಳು ಗಾಳಿಯಲ್ಲಿ. ಹೆಂಗಸರ ಸಾಲಿನಲ್ಲಿ ಗಂಗೂ ಎದ್ದು ನಿಂತಳು. ತಲೆ ಅಲ್ಲಾಡಿಸಿದಳು. ಬಾಯಿ ತೆರೆದು ಏನೋ ಕೂಗಿದಳು, ನನ್ನ ಕಡೆಗೇ ನೋಡಿ. ನಾಚಿಕೊಂಡಳು ಎಂದು ಆಮೇಲೆ ಜನ ಆಡಿಕೊಂಡರು. ನಾಚಿಕೆಯಲ್ಲ. ಅಲ್ಲ ಅಲ್ಲ ಎಂದು ಕೂಗುತ್ತಿದ್ದಳು. ನಾನು ತಬಲಾದವನಿಗೆ ಕಣ್ಣುಸನ್ನೆ ಮಾಡಿದೆ, ಪೇಟಿಯ ಮೇಲೆ ಕೈ ಇಟ್ಟೆ, ಹಾಡು ಎತ್ತಿದೆ. ಅವಳ ದನಿ ಯಾರಿಗೂ ಕೇಳಲಿಲ್ಲ.

ಖಬರ ಮರುದಿನ ಬೆಟಗೇರಿ ಮುಟ್ಟಿತು. ಜಾತಿ ಒಂದೇ ಆಗಿತ್ತು, ಬೇಡ ಅನ್ನಲು ನೆಪವೂ ಇರಲಿಲ್ಲ. ಊರ ಮುಂದೆ ಉಂಗುರ ಕೊಟ್ಟ ಹುಡುಗಿಯನ್ನು ಇನ್ನು ಬೇರೆ ಯಾರು ಕೇಳುತ್ತಾರೆ ಎಂದರಂತೆ ಮನೆಯವರು. ತಿಂಗಳಲ್ಲಿ ಲಗ್ನ ಆತು. ನಾನು ಉಂಡು ಬಂದೆ. ಆಮೇಲೆ ಅವಳು ಹೊಲಿಗೆಗೆ ಬರಲಿಲ್ಲ. ಕಳಿಸುವುದಿಲ್ಲ ಎಂದು ಈರಣ್ಣನೇ ಜೈನಬಿಗೆ ಹೇಳಿದ.

ಒಂದು ವರ್ಷದ ಮೇಲೆ, ಸಂತೆಯ ದಿನ, ಅಂಗಡಿಗೆ ಬಂದಳು. ಅವನು ಎತ್ತು ನೋಡಲು ಹೋಗಿದ್ದನಂತೆ. ಒಂದು ಕುಪ್ಪಸದ ಬಟ್ಟೆ ಮೇಜಿನ ಮೇಲಿಟ್ಟು, ತೋಳು ಮುಂಗೈ ತನಕ ಉದ್ದ ಬಿಡಿ ಎಂದಳು. ಬೇಸಿಗೆಯಲ್ಲಿ ಇದೇನು ಹೊಸ ಫ್ಯಾಷನ್ ಎಂದು ಚೇಷ್ಟೆ ಮಾಡಿದೆ. ಅವಳು ಸೆರಗು ಸರಿಸಿ ತೋಳು ತೋರಿಸಿದಳು. ಏನಿತ್ತು ಎಂದು ಬರೆಯಲಾರೆ. ಬೀಡಿಯಿಂದ ಸುಟ್ಟಿದ್ದು ಎಂದಷ್ಟೇ ಹೇಳುತ್ತೇನೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಆ ಚೀಟಿ ನಾ ಬರದಿದ್ದಲ್ಲ ಅಂತ ಒಂದ್ ಮಾತ ನಮ್ಮಪ್ಪಗ ಹೇಳ್ರಿ, ಮಾಸ್ತರ. ನಾ ಮೆಚ್ಚಿ ಹೋಗೀನಿ ಅಂತ ತಿಳಕೊಂಡಾನ, ಅನುಭೋಗಿಸು ಅಂತಾನ. ನೀವು ಹೇಳಿದ್ರ ನನ್ನ ಮನಿಗೆ ಕರಕೋತಾನ."

"ಆತವಾ, ನಾಳೆನ ಹೇಳ್ತೀನಿ" ಎಂದೆ.

ಮರುದಿನ ಗದಗಕ್ಕೆ ಹೋದೆ. ದಾರ, ಗುಂಡಿ ಖರೀದಿ ಮಾಡಿದೆ. ಅಲ್ಲಿಂದ ಬೆಟಗೇರಿ ಎಷ್ಟು ದೂರ? ರಿಕ್ಷಾ ಹತ್ತಿದರೆ ಒಂದು ಹಾಡು ಮುಗಿಯುವುದರೊಳಗೆ. ನಾನು ಬಸ್ ನಿಲ್ದಾಣದಲ್ಲಿ ಎರಡು ಸಲ ಚಹಾ ಕುಡಿದೆ. ರಾಜೇಸಾಬ ಸುಳ್ಳು ಚೀಟಿ ಓದುತ್ತಾನೆ ಎಂದು ಗೊತ್ತಾದರೆ ಯಾವ ಊರು ನನ್ನನ್ನು ಕರೆದೀತು, ಯಾರು ನನ್ನ ಕೈಗೆ ಮೈಕು ಕೊಟ್ಟಾರು — ಇದೇ ತಲೆಯಲ್ಲಿ ಸುತ್ತುತ್ತಿತ್ತು. ತಿರುಗಿ ಮುಳಗುಂದದ ಬಸ್ಸು ಹತ್ತಿದೆ. ಮನೆಗೆ ಬಂದು ಕುಪ್ಪಸ ಹೊಲಿದೆ. ತೋಳು ಮುಂಗೈ ತನಕ. ಬಹಳ ಚೊಕ್ಕವಾಗಿ ಹೊಲಿದೆ.

ಎರಡು ತಿಂಗಳ ನಂತರ ಈರಣ್ಣನ ಹೊಲದ ಬಾವಿಯಲ್ಲಿ ಗಂಡ ಹೆಂಡತಿ ಇಬ್ಬರೂ ಹೆಣವಾಗಿ ಸಿಕ್ಕರು. ಆ ಹೊಲ ಗದಗ ರಸ್ತೆಗೆ ಹತ್ತಿಕೊಂಡಿದೆ. ಬಾವಿಯ ದಂಡೆಯ ಮೇಲೆ ಅವಳ ಕೈಚೀಲವಿತ್ತು, ಅದರಲ್ಲಿ ಎರಡು ಸೀರೆ, ಜೈನಬಿ ಕೊಟ್ಟಿದ್ದ ಕತ್ತರಿ. ಮುಂಜಾನೆಯ ಬಸ್ಸಿಗೆ ಹೊರಟಿದ್ದಳು ಎಂದು ಚೀಲ ನೋಡಿದರೆ ತಿಳಿಯುತ್ತಿತ್ತು. ಮೇಲೆ ತೆಗೆದು ಮಲಗಿಸಿದಾಗ ನಾನೂ ಹತ್ತಿರ ಹೋಗಿ ನೋಡಿದೆ. ಅದೇ ಕುಪ್ಪಸ. ಬಲತೋಳಿನ ಹೊಲಿಗೆ ಹೆಗಲ ಹತ್ತಿರ ಪೂರಾ ಬಿಚ್ಚಿತ್ತು. ನನ್ನ ಹೊಲಿಗೆ ನೀರಿಗೆ ಬಿಡುವುದಿಲ್ಲ. ಯಾರಾದರೂ ಹಿಡಿದು ಎಳೆದರೆ ಮಾತ್ರ ಬಿಡುತ್ತದೆ. ಪೊಲೀಸರು ಬಂದು ಎಲ್ಲರನ್ನೂ ಕೇಳಿದರು. ಗಂಡ ಹೆಂಡತಿ ಬಹಳ ಪ್ರೀತಿಯಿಂದ ಇದ್ದರು ಎಂದೆ.

ಆಮೇಲೆ ನಾನು ಮಾಡಿದ್ದು ಇವೆಲ್ಲಕ್ಕಿಂತ ಕೆಟ್ಟದ್ದು. ಜನ ಅವರನ್ನು ಅಮರ ಜೋಡಿ ಅನ್ನತೊಡಗಿದ್ದರು. ನಾನು ಅದನ್ನೇ ನಾಟಕ ಮಾಡಿದೆ. ಅದರಲ್ಲಿ ನಾಯಕಿ ದೀಪದ ಮುಂದೆ ಕುಳಿತು ತಾನೇ ಚೀಟಿ ಬರೆಯುತ್ತಾಳೆ, ಒಂದೊಂದು ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ. ಕೊನೆಗೆ ಬಾವಿಯ ದಂಡೆಯ ಮೇಲೆ ಅವಳೇ ಮೊದಲು ಕೈ ಚಾಚುತ್ತಾಳೆ. ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಯಾವ ಊರಿಗೆ ಹೋದರೂ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು, ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ. ಈಗಲೂ ಆಡುತ್ತಾರೆ.

ಹೋದ ತಿಂಗಳು ಜೈನಬಿಯ ಕ್ಲಾಸಿನ ಒಬ್ಬ ಹುಡುಗಿ ನನ್ನ ಮುಂದೆ ಮೊಬೈಲು ಹಿಡಿದಳು. ಒಬ್ಬ ಹುಡುಗನ ಕೈ, ಅದರ ಮೇಲೆ ಕೊರೆದ ಇವಳ ಹೆಸರು, ಇನ್ನೂ ಹಸಿ. ನಮ್ಮ ಹುಡುಗ ಥೇಟ್ ನಿಮ್ಮ ನಾಟಕದ ಹೀರೋ ಇದ್ದ ಹಾಗೆ, ನಾನು ಯಾರ ಜೊತೆ ಮಾತಾಡಿದರೂ ಸಾಯುತ್ತೇನೆ ಅನ್ನುತ್ತಾನೆ ಎಂದಳು. ಹೆಮ್ಮೆಯಿಂದ ಹೇಳಿದಳು. ಅವಳನ್ನು ಕೂರಿಸಿಕೊಂಡು, ಅದು ಪ್ರೀತಿಯಲ್ಲ ಮಗಳೇ ಎಂದೆ. ನಂಬಲಿಲ್ಲ. ಮತ್ತೆ ನಾಟಕದಲ್ಲಿ ನೀವೇ ಬರೆದಿದ್ದೀರಲ್ಲ ಎಂದಳು. ಆಗ ಎಲ್ಲ ಹೇಳಿದೆ. ಜೈನಬಿಯೂ ಅಲ್ಲೇ ಇದ್ದಳು, ಕೇಳಿಸಿಕೊಂಡಳು. ಅವತ್ತಿನಿಂದ ಅವಳು ನನಗೆ ಊಟದ ತಾಟು ಹಚ್ಚಿ ಇಡುತ್ತಾಳೆ, ಮಾತಾಡುವುದಿಲ್ಲ.

ಮರುದಿನ ಬೆಟಗೇರಿಗೆ ಹೋದೆ. ಚೀಟಿ ನನ್ನ ಹತ್ತಿರವೇ ಇತ್ತು. ಇಷ್ಟು ವರ್ಷ ಪೇಟಿಯ ಡಬ್ಬಿಯ ತಳದಲ್ಲಿತ್ತು. ಯಾಕೆ ಹರಿದುಹಾಕಲಿಲ್ಲವೋ ನನಗೇ ತಿಳಿಯದು. ಗುರಪ್ಪ ಮಗ್ಗದಲ್ಲಿ ಕುಳಿತಿದ್ದ. ಬರ್ರಿ ಮಾಸ್ತರ, ಕುಂಡ್ರಿ ಎಂದ. ನಾನು ನಿಂತೇ ಹೇಳಿದೆ. ಚೀಟಿ, ತೋಳು, ಗದಗಿನ ಚಹಾ, ಬಿಚ್ಚಿದ ಹೊಲಿಗೆ, ಯಾವುದನ್ನೂ ಬಿಡದೆ ಹೇಳಿದೆ. ಅವನ ಕೈ ನಿಂತಿತು. ಅವನಿಗೆ ಓದು ಬಾರದು. ಚೀಟಿ ಇಸಿದುಕೊಂಡು, ಇದರಲ್ಲಿ ಅವಳ ಹೆಸರು ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ಅದರ ಮೇಲೆ ಬೆರಳಿಟ್ಟ. ಬೈಯಲಿ, ಹೊಡೆಯಲಿ ಎಂದು ಕಾದೆ.

"ಲಗ್ನದ ಮದಲ ಆಕಿ ನನ್ನ ಮುಂದ ಹೇಳಿದ್ಲು, ಅದನ್ನ ನಾ ಬರದಿಲ್ಲಪ್ಪಾ ಅಂತ. ಮಾಸ್ತರ ಸುಳ್ಳ ಓದೂ ಮನಷ್ಯಾ ಅಲ್ಲ ಅಂದೆ. ಅಂದು, ಕಪಾಳಕ್ಕ ಹೊಡದೆ."

ಇಷ್ಟು ಹೇಳಿ ಅವನು ಚೀಟಿಯನ್ನು ತಿರುಗಿ ನನ್ನ ಕೈಯಲ್ಲೇ ಇಟ್ಟ. ಮಾಫಿ ಕೇಳಲು ಬಾಯಿ ತೆರೆದೆ. ಅವನ ಮುಖ ನೋಡಿ, ಚೀಟಿ ಮಡಚಿಕೊಂಡು ಹೊರಬಿದ್ದೆ.

ಆ ನಾಟಕವನ್ನು ಇನ್ನು ಅಚ್ಚು ಹಾಕಬೇಡಿ ಎಂದು ಪ್ರೆಸ್ಸಿಗೆ ಹೇಳಿಬಂದಿದ್ದೇನೆ. ಆದರೆ ಪುಸ್ತಕಗಳು ಎಷ್ಟೋ ಊರುಗಳಲ್ಲಿವೆ, ಅವನ್ನು ಕಿತ್ತು ತರಲಾರೆ. ಈ ಸಲ ಈರಣ್ಣನ ಊರಿನವರೇ ಅದನ್ನು ಆಡುತ್ತಿದ್ದಾರೆ. ಮಾಸ್ತರ ನೀವೇ ಬರಬೇಕು ಎಂದು ವೀಳ್ಯ ಕೊಟ್ಟು ಹೋಗಿದ್ದಾರೆ. ಬರುತ್ತೇನೆ ಎಂದಿದ್ದೇನೆ. ಪರದೆ ಏಳುವ ಮೊದಲು ಮೈಕು ಹಿಡಿದು ಅದೇ ಚೀಟಿಯನ್ನು ಓದುತ್ತೇನೆ, ಬರೆದವನ ಹೆಸರು ಹೇಳಿ, ಓದಿದವನ ಹೆಸರೂ ಹೇಳಿ. ಜನ ಎದ್ದು ಕೂಗುತ್ತಾರೆ. ಕೂಗಲಿ, ಎಲ್ಲವೂ ಕೇಳಿಸಬೇಕು. ಪೇಟಿಯನ್ನು ನಾನು ಒಯ್ಯುವುದಿಲ್ಲ.